ಕಾಫಿ ಸೀಮೆಯ ಮಕ್ಕಳ ಓದು ಹೈಸ್ಕೂಲಿನಲ್ಲಿ ಬಾಡುವುದೇಕೆ?

ಮೂಡಿಗೆರೆ: ಕನ್ನಡದಲ್ಲಿ 'ಓದು' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಪರೀಕ್ಷೆಗೆ ಸಿದ್ಧತೆ ನಡೆಸುವುದೂ ಓದು. ಕತೆ ಪುಸ್ತಕ ಹಿಡಿದು ಕೂರುವುದೂ ಓದು. ಆದರೆ ಮಕ್ಕಳು ಎಂಟು, ಒಂಬತ್ತನೇ ತರಗತಿಗೆ ಬರುತ್ತಿದ್ದಂತೆ ಅನೇಕ ಮನೆಗಳಲ್ಲಿ ಮೊದಲನೆಯ ಅರ್ಥವಷ್ಟೇ ಉಳಿಯುತ್ತದೆ. ಕಾದಂಬರಿ ಹಿಡಿದ ಮಗಳಿಗೆ ತಾಯಿ 'ಅದನ್ನು ಇಟ್ಟು ಓದಿಕೋ' ಎನ್ನುತ್ತಾಳೆ. ಹದಿಹರೆಯದವರ ಓದು ಸೊರಗುವುದು ಇಲ್ಲಿಂದಲೇ.

ಇದನ್ನು ಕೇವಲ ಸಾಹಿತ್ಯಾಭಿರುಚಿಯ ಪ್ರಶ್ನೆ ಎನ್ನಲಾಗದು. ಪ್ರಥಮ್ ಸಂಸ್ಥೆಯು 2023ರಲ್ಲಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ ನಡೆಸಿದ 'ಅಸರ್' ಸಮೀಕ್ಷೆಯಲ್ಲಿ, 14ರಿಂದ 18 ವಯಸ್ಸಿನವರ ಪೈಕಿ ಸುಮಾರು ಶೇ. 25ರಷ್ಟು ಮಂದಿಗೆ ತಮ್ಮ ಭಾಷೆಯ ಎರಡನೇ ತರಗತಿ ಮಟ್ಟದ ಪಾಠವನ್ನೂ ಸರಾಗವಾಗಿ ಓದಲು ಬರಲಿಲ್ಲ. ಓದಲು ಕಷ್ಟಪಡುವವನು ಕಡಿಮೆ ಓದುತ್ತಾನೆ. ಕಡಿಮೆ ಓದಿದಷ್ಟೂ ಕಷ್ಟ ಹೆಚ್ಚುತ್ತದೆ.

ಮನೆಯ ಪಾಲು

ಒಂದನೇ ತರಗತಿಯಲ್ಲಿದ್ದಾಗ ಪಾಲಕರು ಜೊತೆಗೆ ಕುಳಿತು ಪುಸ್ತಕ ಓದಿದ್ದ ಮಕ್ಕಳು 15ನೇ ವಯಸ್ಸಿನಲ್ಲಿ ಓದಿನ ಪರೀಕ್ಷೆಯಲ್ಲಿ ಸರಾಸರಿ 25 ಅಂಕ ಮುಂದಿದ್ದರೆಂದು 2009ರ ಅಂತರರಾಷ್ಟ್ರೀಯ 'ಪಿಸಾ' ಅಧ್ಯಯನ ತಿಳಿಸಿತ್ತು. ಕಾಫಿ ಸೀಮೆಯಲ್ಲಿ ಹಾಗೆ ಕೂರಲು ಬಿಡುವು ವಿರಳ. ನವೆಂಬರ್‌ನಿಂದ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ ಕೊಯ್ಲು. ಶಾಲಾ ವರ್ಷದ ನಿರ್ಣಾಯಕ ತಿಂಗಳುಗಳಲ್ಲೇ ತಂದೆ ತಾಯಿ ತೋಟ ಮತ್ತು ಕಣದಲ್ಲಿರುತ್ತಾರೆ. ಲೈನ್ ಮನೆಗಳಲ್ಲಿ ಅಡುಗೆ ಮತ್ತು ತಮ್ಮ ತಂಗಿಯರ ಹೊಣೆ ಹಿರಿಯ ಮಗಳ ಹೆಗಲಿಗೆ ಬೀಳುತ್ತದೆ. ತುಳು, ಕೊಂಕಣಿ, ತಮಿಳು ಮನೆಮಾತಿನ ಮಕ್ಕಳಿಗಂತೂ ಪುಸ್ತಕದ ಕನ್ನಡ ಶಾಲೆಯಲ್ಲೇ ಮೊದಲು ಎದುರಾಗುತ್ತದೆ.

ಇತ್ತ ಅನುಕೂಲಸ್ಥರು ಮಕ್ಕಳನ್ನು ದೂರದ ಊರುಗಳ ಹಾಸ್ಟೆಲ್‌ಗಳಿಗೆ, ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುತ್ತಾರೆ. ಅಲ್ಲಿ ಅಂಕಗಳ ಚಿಂತೆಯೇ ಮುಖ್ಯ. ಹೀಗೆ ಬಡತನ ಒಂದು ಕಡೆ, ಮಹತ್ವಾಕಾಂಕ್ಷೆ ಇನ್ನೊಂದು ಕಡೆ. ಪರಿಣಾಮ ಮಾತ್ರ ಒಂದೇ.

ಶಾಲೆಯ ಪಾಲು

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕೆ ಹಾಗೂ ಕತೆ ಪುಸ್ತಕಗಳುಳ್ಳ ಗ್ರಂಥಾಲಯ ಇರಬೇಕು. ಆದರೆ ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿಗೆ ಮುಗಿಯುತ್ತದೆ. ಓದಿನ ಆಸರೆ ಹೆಚ್ಚು ಬೇಕಾದ ಒಂಬತ್ತು, ಹತ್ತನೇ ತರಗತಿಗಳು ಅದರ ಹೊರಗಿವೆ. ಪುಸ್ತಕ ಕಳೆದರೆ ಯಾರು ಹೊಣೆ ಎಂಬ ಭಯಕ್ಕೆ ಬೀರುವಿಗೆ ಬೀಗ ಬೀಳುವುದುಂಟು. ಎಸ್ಸೆಸ್ಸೆಲ್ಸಿ ವಿಶೇಷ ತರಗತಿಗಳು ಗ್ರಂಥಾಲಯದ ಅವಧಿಯನ್ನು ನುಂಗುವುದೂ ಉಂಟು. ಕಳಸ, ಸಂಸೆ ಕಡೆಯ ಮಕ್ಕಳಿಗೆ ಸಂಜೆಯ ಬಸ್ಸು ತಪ್ಪುವ ಆತಂಕ ಬೇರೆ.

ದಾರಿಗಳಿವೆ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹಸ್ತಾಂತರಗೊಂಡವು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಅಭಿಯಾನದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ವಾರಕ್ಕೊಮ್ಮೆ ಹೈಸ್ಕೂಲು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಹೆಚ್ಚಿನ ವೆಚ್ಚವೇನೂ ಆಗದು.

ಓದಿಸಲು ದೂರ ಹುಡುಕಬೇಕಾಗಿಯೂ ಇಲ್ಲ. ಮೂಡಿಗೆರೆಯಲ್ಲೇ ನೆಲೆಸಿ 2007ರಲ್ಲಿ ಅಗಲಿದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಹಾರುವ ಓತಿಯನ್ನು ಅರಸಿ ಹೊರಡುವುದು ಇದೇ ಮಲೆನಾಡಿನ ಕಾಡಿನಲ್ಲಿ. ತನ್ನ ತೋಟದ ಬೇಲಿಯಾಚೆಗಿನ ಲೋಕ ಪುಸ್ತಕದಲ್ಲಿದೆ ಎಂದು ತಿಳಿದ ಮಗು ಮುಂದಿನ ಪುಟ ತಿರುವುತ್ತದೆ.

ಅಕ್ಷರ ಬಾರದ ಪಾಲಕರೂ ಇಲ್ಲಿ ಅಸಹಾಯಕರಲ್ಲ. ರಾತ್ರಿ ಊಟದ ಬಳಿಕ ಮಗುವಿನಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ, 'ಆಮೇಲೇನಾಯ್ತು?' ಎಂದು ಕೇಳಿದರೂ ಸಾಕು. ಕತೆ ಪುಸ್ತಕ ಹಿಡಿದ ಮಗುವೂ ಓದುತ್ತಲೇ ಇದೆ ಎಂದು ಮನೆಯವರು ಒಪ್ಪಬೇಕು. ಉಳಿದದ್ದು ಆ ನಂತರದ ಮಾತು.