ಚೌಕ ಜೋಡಿಸಿದರೆ ಅಕ್ಷರ

ನಮ್ಮ ಬ್ಯಾರಿ ಭಾಷೆಗೆ ಬ್ಯಾರಿ ಸಾಹಿತ್ಯ ಅಕಾಡೆಮಿ 2020ರಲ್ಲಿ ಲಿಪಿ ಕೊಟ್ಟಿತು. ಆದರೂ ನಮ್ಮ ಮನೆಗಳ ಮದುವೆ ಕಾಗದ ಹೆಚ್ಚಾಗಿ ಈಗಲೂ ಕನ್ನಡದಲ್ಲೇ. ಲಿಪಿ ಇದ್ದರೆ ಸಾಕಾ? ಅದಕ್ಕೆ ಬಗೆಬಗೆಯ ಫಾಂಟ್ ಬೇಕಲ್ಲ.

ಫಾಂಟ್ ಮಾಡಲು ದೊಡ್ಡ ಕಲಾವಿದರೇ ಆಗಬೇಕೆಂದಿಲ್ಲ. 2008ರಲ್ಲಿ ಬಂದ ಫಾಂಟ್‌ಸ್ಟ್ರಕ್ಟ್ ಎಂಬ ಉಚಿತ ಸಲಕರಣೆಯಲ್ಲಿ ಹವ್ಯಾಸಿಗಳು ಚೌಕ, ಕಾಲುವೃತ್ತದಂಥ ತುಂಡುಗಳನ್ನು ಟೈಲ್ಸ್ ಕೂರಿಸಿದ ಹಾಗೆ ಜೋಡಿಸಿ ಅಕ್ಷರ ಕಟ್ಟುತ್ತಾರೆ. ಉಪಾಯ ಹೊಸದೇನಲ್ಲ. ಇರಾನಿನ ಹಳೆ ಮಸೀದಿ ಗೋಡೆಗಳಲ್ಲಿ ಇಟ್ಟಿಗೆ ಜೋಡಿಸಿಯೇ ಚೌಕ ಕೂಫಿ ಬರೆದಿದ್ದಾರೆ.

ಕೈ ಪಳಗಲು ಮೊದಲು ಕನ್ನಡದಲ್ಲೇ ಮಾಡಿ ನೋಡಬಹುದು. ತಲೆಕಟ್ಟು ಒಮ್ಮೆ ಕಟ್ಟಿದರೆ ಹತ್ತಾರು ಅಕ್ಷರಕ್ಕೆ ಅದೇ ಆಗುತ್ತದೆ. 'ಪ' ಒಳಗೆ ಗೆರೆ ಇಟ್ಟರೆ 'ಷ'. ಬರೀ ಚೌಕ ಬಳಸಿದರೆ ಮಾತ್ರ ದುಂಡು ಅಕ್ಷರ ಮೆಟ್ಟಿಲಾಗುತ್ತದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಮಂಡೆಬಿಸಿ ಅಲ್ಲೇ.

ಬ್ಯಾರಿಗೆ ಇನ್ನೊಂದು ತೊಡಕಿದೆ. ತುಳು-ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿತು. ನಮ್ಮದಕ್ಕೆ ಆಗ ಸಿಗಲಿಲ್ಲ. ಹಾಗಾಗಿ ಕನ್ನಡದ ಕೋಡ್ ಮೇಲೆಯೇ ಬ್ಯಾರಿ ಅಕ್ಷರ ಕೂರಿಸಬೇಕಾಗುತ್ತದೆ. ಆ ಫಾಂಟ್ ಇಲ್ಲದ ಮೊಬೈಲಿಗೆ ಕಳುಹಿಸಿದರೆ ಕಾಣುವುದು ಕನ್ನಡವೇ. ಅಚ್ಚಾಗುವ ಮದುವೆ ಕಾಗದಕ್ಕಾದರೆ ಆ ಕಾಟ ಇಲ್ಲ. ಮೇಲಿನ ಒಂದು ಸಾಲು, ಮದುಮಕ್ಕಳ ಹೆಸರು, ಅಷ್ಟಕ್ಕೆ ಬೇಕಾದ ಅಕ್ಷರ ಕಟ್ಟಿಕೊಂಡರೂ ಶುರುವಿಗೆ ಸಾಕು.