ರಕ್ತಪಿಶಾಚಿಗಳ ಸಭೆಯೂ ಪುಣೆಯ ಬಾರಭಾಯಿಯೂ

ರಜೆಯ ದಿನ ನಾಲ್ಕಾರು ತರುಣರು ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ‘ಈ ಊರಿನ ಒಡೆಯ ನಾನು’, ‘ನಿನ್ನ ಗುಟ್ಟು ನನ್ನ ಕೈಯಲ್ಲಿದೆ’ ಎಂದು ವಾದಿಸುವುದನ್ನು ಕಂಡರೆ ವಿಮಾನ ನಗರದ ನಮ್ಮವರಿಗೆ ಸೋಜಿಗವಾದೀತು. ಅದು ಜೂಜಲ್ಲ, ಪಾತ್ರ ವಹಿಸಿ ಆಡುವ ಆಟ. ಈ ಬಗೆಯ ಆಟಗಳಲ್ಲಿ ಹೆಸರಾದುದು ‘ವ್ಯಾಂಪೈರ್: ದಿ ಮಾಸ್ಕರೇಡ್’. ಮಾರ್ಕ್ ರೈನ್-ಹ್ಯಾಗೆನ್ ಎಂಬವರು ರಚಿಸಿದ ಇದನ್ನು ಅಮೆರಿಕದ ವೈಟ್ ವುಲ್ಫ್ ಸಂಸ್ಥೆಯು 1991ರಲ್ಲಿ ಪ್ರಕಟಿಸಿತು.

ತಾಳಮದ್ದಳೆ ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಅರ್ಥಧಾರಿಗಳು ವೇಷವಿಲ್ಲದೆ, ಕುಳಿತಲ್ಲಿಯೇ ಕೃಷ್ಣನೋ ಕೌರವನೋ ಆಗಿ ಮಾತಿಗೆ ಮಾತು ಕೊಡುವಂತೆ, ಇಲ್ಲಿ ಒಬ್ಬೊಬ್ಬರೂ ಒಂದೊಂದು ರಕ್ತಪಿಶಾಚಿಯಾಗಿ ಮಾತನಾಡುತ್ತಾರೆ. ಭಾಗವತರ ಸ್ಥಾನದಲ್ಲಿ ಕಥೆಗಾರನಿರುತ್ತಾನೆ. ಆದರೆ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು; ಈ ಆಟದ ಕೊನೆ ಯಾರಿಗೂ ಗೊತ್ತಿಲ್ಲ. ಸಂದೇಹ ಬಂದಲ್ಲಿ ಹತ್ತು ಮುಖದ ದಾಳ ತೀರ್ಮಾನ ಹೇಳುತ್ತದೆ.

ಈ ಪಿಶಾಚಿಗಳಿಗೂ ಸರಕಾರವುಂಟು. ಕಮರಿಲ್ಲಾ ಎಂಬ ಅವರ ಒಕ್ಕೂಟದಲ್ಲಿ ಊರಿಗೊಬ್ಬ ಒಡೆಯ. ಅವನನ್ನು ಪ್ರಿನ್ಸ್ ಎನ್ನುತ್ತಾರೆ. ಹೆಂಗಸಾದರೂ ಅದೇ ಬಿರುದು. ಕುಲಗಳ ಹಿರಿಯರು ಕೂಡಿದ ಸಭೆಗೆ ಪ್ರೈಮೊಜೆನ್ ಎಂದು ಹೆಸರು. ಮನುಷ್ಯರಿಗೆ ತಮ್ಮ ಇರವು ತಿಳಿಯಕೂಡದೆಂಬುದು ಅವರ ಮೊದಲ ಕಟ್ಟಳೆ. ಆದುದರಿಂದ ಬೀದಿಕಾಳಗಕ್ಕೆ ಎಡೆಯಿಲ್ಲ. ಜಗಳವೆಲ್ಲ ಮಾತಿನಲ್ಲಿ, ಗುಟ್ಟಿನಲ್ಲಿ, ಋಣದಲ್ಲಿ ನಡೆಯಬೇಕು. ಒಬ್ಬನು ಇನ್ನೊಬ್ಬನಿಗೆ ಮಾಡಿದ ಉಪಕಾರ ಅಲ್ಲಿ ಹಣವಿದ್ದಂತೆ. ಸಣ್ಣ ಸಹಾಯದಿಂದ ಹಿಡಿದು ಪ್ರಾಣ ಉಳಿಸಿದ ಋಣದವರೆಗೆ ಅದಕ್ಕೆ ದರ್ಜೆಗಳಿವೆ. ಸಭೆಯ ಬೆಂಬಲವಿಲ್ಲದ ಒಡೆಯನು ಬಹುಕಾಲ ಬಾಳಲಾರ. ಒಡೆಯನ ಆಸರೆಯಿಲ್ಲದ ಸಭೆಯೂ ಒಡೆದೀತು.

ಇದನ್ನು ಕೇವಲ ಕಟ್ಟುಕಥೆ ಎನ್ನುವಿರಾ? ನಮ್ಮ ಬಡಾವಣೆಯಿಂದ ಬಸ್ಸಿನಲ್ಲಿ ಹೋಗಿ ನೋಡಬಹುದಾದ ಶನಿವಾರವಾಡೆ ಇಂಥದೇ ಆಟವನ್ನು ಕಂಡಿದೆ. 1773ರ ಆಗಸ್ಟ್ 30ರಂದು ಪೇಶ್ವೆ ನಾರಾಯಣರಾಯನು ಅಲ್ಲಿ ಕೊಲೆಯಾದನು. ಅವನ ಚಿಕ್ಕಪ್ಪ ರಘುನಾಥರಾಯನು ಗಾದಿಯೇರಿದನು. ಆದರೆ ಅವನೇ ಅಪರಾಧಿಯೆಂದು ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು ನಿರ್ಭಯವಾಗಿ ನುಡಿದರು. ಆಗ ನಾನಾ ಫಡ್ನವೀಸ, ಸಖಾರಾಮ ಬಾಪು ಮೊದಲಾದ ಮುತ್ಸದ್ದಿಗಳು ಗುಟ್ಟಾಗಿ ಒಂದಾದರು. ಈ ಕೂಟಕ್ಕೆ ಬಾರಭಾಯಿ, ಎಂದರೆ ಹನ್ನೆರಡು ಮಂದಿ ಸೋದರರು, ಎಂದು ಹೆಸರಾಯಿತು. ಬಾಪು ಹಿಂದೆ ರಘುನಾಥರಾಯನ ಪಕ್ಷದವನೇ! ನಾರಾಯಣರಾಯನ ಗರ್ಭಿಣಿ ವಿಧವೆ ಗಂಗಾಬಾಯಿಯನ್ನು ಅವರು ಪುರಂದರ ಕೋಟೆಯಲ್ಲಿರಿಸಿ, ಆಕೆಯ ಹೆಸರಿನಲ್ಲಿ ರಾಜ್ಯ ನಡೆಸಿದರು. 1774ರ ಏಪ್ರಿಲ್ 18ರಂದು ಗಂಡು ಮಗು ಹುಟ್ಟಿತು. ತೊಟ್ಟಿಲ ಕೂಸೇ ಪೇಶ್ವೆಯಾಯಿತು.

ರಘುನಾಥರಾಯನು ಇಂಗ್ಲಿಷರ ಮರೆಹೊಕ್ಕು 1775ರಲ್ಲಿ ಸೂರತ್ ಒಪ್ಪಂದ ಮಾಡಿಕೊಂಡನು. ಯುದ್ಧ 1782ರ ಸಾಲಬಾಯಿ ಒಪ್ಪಂದದವರೆಗೆ ಎಳೆಯಿತು. ಅಷ್ಟರೊಳಗೆ ಸಭೆಯೇ ಬಿರುಕುಬಿಟ್ಟಿತ್ತು. ನಾನಾನ ದಾಯಾದಿ ಮೊರೋಬಾ 1778ರಲ್ಲಿ ಎದುರುಬಿದ್ದು ಸೆರೆಯಾದನು. ಮರುವರ್ಷ ಬಾಪುವಿಗೂ ಅದೇ ಗತಿ. ಹನ್ನೆರಡು ಮಂದಿಯ ಹೆಸರಿನ ಸಭೆಯ ಅಧಿಕಾರವೆಲ್ಲ ಒಬ್ಬನ ಕೈಸೇರಿತು. ತೊಟ್ಟಿಲಲ್ಲಿ ಪೇಶ್ವೆಯಾದ ಸವಾಯಿ ಮಾಧವರಾಯನು 1795ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಶನಿವಾರವಾಡೆಯ ಮಹಡಿಯಿಂದ ಬಿದ್ದು ತೀರಿಕೊಂಡನು.

ಇದರಿಂದ ತಿಳಿಯಬೇಕಾದುದಿಷ್ಟು. ಒಬ್ಬ ವೈರಿಯ ಭಯದಿಂದ ಕೂಡಿದ ಸಭೆ, ಆ ಭಯ ತಗ್ಗಿದೊಡನೆ ತನ್ನವರನ್ನೇ ವೈರಿಗಳೆಂದು ಕಾಣತೊಡಗುತ್ತದೆ. ಯಾರ ಋಣ ಯಾರ ಮೇಲಿದೆ ಎಂಬ ಲೆಕ್ಕ ಗುಟ್ಟಾಗಿದ್ದಷ್ಟೂ ಸಂಶಯ ಬೆಳೆಯುತ್ತದೆ. ಊರು ಬಿಟ್ಟು ಬಂದ ನಾವು ಕೋಣೆಯ ಅಡಿಗೆ ಖರ್ಚಿಗೆ, ಹಬ್ಬದ ವಂತಿಗೆಗೆ, ಸಂಘದ ಕೆಲಸಕ್ಕೆ ಸಭೆ ಸೇರುವವರೇ. ಲೆಕ್ಕವನ್ನು ಎಲ್ಲರೆದುರು ಓದಿ, ಮಾತನ್ನು ಸಭೆಯಲ್ಲಿಯೇ ಆಡಿದರೆ ಪಿಶಾಚಿಗಳ ಕಾಟವಿಲ್ಲ. ಆಟದಲ್ಲಿ ಸೋತವನು ಚಹಾ ಕುಡಿದು ಮನೆಗೆ ಹೋಗುತ್ತಾನೆ. ಸಂಘ ಒಡೆದರೆ ಪರಊರಿನಲ್ಲಿ ನಾವು ಹೋಗುವುದೆಲ್ಲಿಗೆ?