ಸಂಗೀತದ ಸಣ್ಣ ಯಂತ್ರಕ್ಕೆ ತಕ್ಕ ಪೆಟ್ಟಿಗೆ

ನಾದವನ್ನು ಮನೆಗೆ ತರುವ ಯಂತ್ರಗಳೆಲ್ಲವೂ ಯಾವದಾದರೊಂದು ಪೆಟ್ಟಿಗೆಯೊಳಗೆ ಕುಳಿತೇ ಬಂದಿರುವವು. ಗ್ರಾಮಫೋನಿನ ಪೆಟ್ಟಿಗೆಯನ್ನೂ, ೧೯೫೦ನೆಯ ಇಸವಿಯ ಜನವರಿ ೮ರಂದು ಧಾರವಾಡದ ಆಕಾಶವಾಣಿಯು ಆರಂಭವಾದ ತರುವಾಯ ನಮ್ಮ ಸೀಮೆಯ ಮನೆಗಳನ್ನು ಸೇರಿದ ರೇಡಿಯೋ ಪೆಟ್ಟಿಗೆಯನ್ನೂ ನಮ್ಮ ಹಿರಿಯರು ಬಲ್ಲರು. ಈಗ ಅದೇ ಸಾಲಿಗೆ ಅಂಗೈಯಗಲದ ಒಂದು ಹೊಸ ಯಂತ್ರವು ಸೇರಿದೆ. ಆದರೆ ಇದು ಬಹುಮಟ್ಟಿಗೆ ಬರಿಯ ಹಲಗೆಯಾಗಿಯೇ ಮಾರಾಟಕ್ಕೆ ಬರುವದು. ಅದಕ್ಕೆ ಪೆಟ್ಟಿಗೆಯನ್ನು ಆರಿಸುವದೂ ಕೂಡಿಸುವದೂ ಕೊಂಡವರ ಕೆಲಸವಾಗಿದೆ. ಈ ಕೆಲಸವನ್ನು ಹೆಣ್ಣುಮಕ್ಕಳು ತಾವಾಗಿಯೇ ಮಾಡಬಲ್ಲರು. ಅದನ್ನು ಮಾಡುವ ಕ್ರಮವನ್ನು ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ತಿಳಿಯಪಡಿಸುವದೇ ಈ ಲೇಖನದ ಉದ್ದೇಶವು.

ಮೊದಲು ಯಂತ್ರದ ಪರಿಚಯವಾಗಲಿ. ಗಣಕಯಂತ್ರದ ಎಲ್ಲ ಅಂಗಗಳನ್ನೂ ಒಂದೇ ಹಲಗೆಯ ಮೇಲೆ ಕೂಡ್ರಿಸಿದ್ದರಿಂದ ಇದಕ್ಕೆ ಏಕಫಲಕ ಗಣಕವೆಂದು ಹೇಳಬಹುದು. ಇವುಗಳಲ್ಲಿ ಪ್ರಸಿದ್ಧವಾದದ್ದು ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ ಹುಟ್ಟಿದ ರಾಸ್ಪ್‌ಬೆರಿ ಪೈ. ಶಾಲೆಯ ಮಕ್ಕಳು ಕಡಿಮೆ ವೆಚ್ಚದಲ್ಲಿ ಗಣಕವಿದ್ಯೆಯನ್ನು ಕಲಿಯಲೆಂಬ ಅಭಿಪ್ರಾಯದಿಂದ ೨೦೧೨ನೆಯ ಇಸವಿಯ ಫೆಬ್ರುವರಿ ೨೯ರಂದು ಅದನ್ನು ಮಾರಾಟಕ್ಕೆ ಬಿಟ್ಟರು. ಇದರಲ್ಲಿ ವೊಲ್ಯೂಮಿಯೋ, ಮೂಡ್, ಪೈಕೋರ್‌ಪ್ಲೇಯರ್ ಮೊದಲಾದ ತಂತ್ರಾಂಶಗಳಲ್ಲೊಂದನ್ನು ತುಂಬಿ, ಮನೆಯ ಅಂತರಜಾಲಕ್ಕೆ ಜೋಡಿಸಿದರೆ, ಮೊಬೈಲಿನಿಂದ ಅಪ್ಪಣೆ ಕೊಟ್ಟು ಹಾಡುಗಳನ್ನು ಕೇಳಬಹುದು. ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ, ಹಾನಗಲ್ಲ ತಾಲೂಕಿನಲ್ಲಿಯೇ ಹುಟ್ಟಿದ ಪುಟ್ಟರಾಜ ಗವಾಯಿಗಳ ಕಂಠವು ಹೀಗೆ ನಮ್ಮ ಮನೆಯ ಮೂಲೆಗೆ ಬರುವದು. ಅಂಕಿಗಳ ರೂಪದಲ್ಲಿರುವ ಹಾಡನ್ನು ಸ್ಪೀಕರಿಗೆ ಒಪ್ಪುವ ವಿದ್ಯುತ್ತಾಗಿ ಮಾರ್ಪಡಿಸಲಿಕ್ಕೆ ಡ್ಯಾಕ್ ಎಂಬ ಇನ್ನೊಂದು ಚಿಕ್ಕ ಹಲಗೆಯನ್ನು ಮೊದಲನೆಯದರ ೪೦ ಸೂಜಿಗಳ ಮೇಲೆ ಕೂಡ್ರಿಸುವದುಂಟು.

ಪೆಟ್ಟಿಗೆಯನ್ನು ಆರಿಸುವಾಗ ಅನೇಕರು ಮೊದಲು ಅಂದವನ್ನು ನೋಡುವರು. ಅಂದವು ಕಡೆಯ ಮಾತು, ಅಳತೆಯೇ ಮೊದಲನೆಯದು. ಸಾಮಾನ್ಯವಾದ ಹಲಗೆಯ ಉದ್ದವು ೮೫ ಮಿಲಿಮೀಟರು, ಅಗಲವು ೫೬ ಮಿಲಿಮೀಟರು. ನಾಲ್ಕು ಮೂಲೆಯ ರಂಧ್ರಗಳ ನಡುವಣ ಅಂತರವು ೫೮ ಮತ್ತು ೪೯ ಮಿಲಿಮೀಟರು, ಅವುಗಳಿಗೆ ೨.೫ ಮಿಲಿಮೀಟರಿನ ಸ್ಕ್ರೂ ಹೊಂದುವದು. ಇಷ್ಟು ಅಳತೆಯು ಒಂದೇ ಆಗಿದ್ದರೂ ಒಂದು ಮಾದರಿಯ ಪೆಟ್ಟಿಗೆಯು ಇನ್ನೊಂದಕ್ಕೆ ಒಪ್ಪುವದೆಂದು ನಂಬಬಾರದು. ೨೦೧೯ರಲ್ಲಿ ಬಂದ ನಾಲ್ಕನೆಯ ಮಾದರಿಯಲ್ಲಿ ಲ್ಯಾನ್ ತಂತಿಯ ಬಾಯಿಯೂ ಯುಎಸ್‌ಬಿ ಬಾಯಿಗಳೂ ತಮ್ಮ ಸ್ಥಳವನ್ನು ಅದಲುಬದಲು ಮಾಡಿಕೊಂಡವು. ೨೦೨೩ರ ಐದನೆಯ ಮಾದರಿಯಲ್ಲಿ ಅವು ಪುನಃ ಮೊದಲಿನ ಕಡೆಗೆ ಹೋದವು, ಮತ್ತು ಇಯರ್‌ಫೋನಿನ ತೂತು ಇಲ್ಲದೆ ಹೋಯಿತು. ಆದುದರಿಂದ ಅಂಗಡಿಯಲ್ಲಿ ಕೇವಲ ಪೈ ಪೆಟ್ಟಿಗೆ ಕೊಡಿರೆಂದು ಕೇಳದೆ, ಮಾದರಿಯ ಅಂಕಿಯನ್ನು ಹೇಳಿ ಕೇಳತಕ್ಕದ್ದು. ಡ್ಯಾಕ್ ಹಲಗೆಯನ್ನು ಕೂಡಿಸುವದಿದ್ದರೆ ಎತ್ತರವನ್ನೂ ನೋಡಬೇಕು. ಯಾಕಂದರೆ ಅದು ಕೆಳಗಿನ ಹಲಗೆಯಿಂದ ಸುಮಾರು ೧೧ ಮಿಲಿಮೀಟರು ಮೇಲೆ ನಿಲ್ಲುವದು, ಅದರ ಸ್ಪೀಕರ್ ತಂತಿಯ ಬಾಯಿಗಳಿಗೆ ಪಕ್ಕದ ಗೋಡೆಯಲ್ಲಿ ಬೇರೆ ಕಿಂಡಿಗಳು ಬೇಕಾಗುವವು.

ಎರಡನೆಯ ಮಾತು ಉಷ್ಣವು. ಈ ಯಂತ್ರದ ಮಿದುಳಿನ ಉಷ್ಣವು ೮೦ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತೆಂದರೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುವದು. ಉದಾಹರಣೆಗಾಗಿ, ೨೫ ಡಿಗ್ರಿಯ ಕೋಣೆಯಲ್ಲಿ ಅದು ೫೫ ಡಿಗ್ರಿಗೆ ಏರುವದೆಂದು ಎಣಿಸಿರಿ, ಅಂದರೆ ಕೋಣೆಗಿಂತ ೩೦ ಹೆಚ್ಚು. ರಾಣೆಬೆನ್ನೂರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ೩೭ ಡಿಗ್ರಿಯಿದ್ದಾಗ ಅದೇ ಯಂತ್ರವು ೬೭ಕ್ಕೆ ಏರುವದು. ಗಾಳಿಯಾಡದ ಪೆಟ್ಟಿಗೆಯು ಇನ್ನೂ ಹತ್ತನ್ನು ಕೂಡಿಸಿದರೆ ೭೭ ಆಯಿತು. ಹೀಗೆ ತಂಪಾದ ದೇಶದಲ್ಲಿ ಚೆನ್ನಾಗಿ ನಡೆಯುವ ಪೆಟ್ಟಿಗೆಯು ನಮ್ಮ ಊರಿನಲ್ಲಿ ಅಂಚಿಗೆ ಬಂದು ನಿಲ್ಲುವದು. ಬಿಸಿಗಾಳಿಯು ಮೇಲಕ್ಕೇರುವದಾದ್ದರಿಂದ ಪೆಟ್ಟಿಗೆಯ ತಳದಲ್ಲಿಯೂ ಮೇಲ್ಭಾಗದಲ್ಲಿಯೂ ಕಿಂಡಿಗಳಿರಬೇಕು, ತಳಕ್ಕೆ ರಬ್ಬರಿನ ಕಾಲುಗಳಿರಬೇಕು. ಹಾಡು ನುಡಿಸುವದು ಈ ಯಂತ್ರಕ್ಕೆ ಹಗುರವಾದ ಕೆಲಸವಾದಕಾರಣ ಮೂರನೆಯ, ನಾಲ್ಕನೆಯ ಮಾದರಿಗಳಿಗೆ ಫ್ಯಾನು ಸಾಮಾನ್ಯವಾಗಿ ಬೇಡ. ಅದರ ಸದ್ದು ಆಲಾಪದ ಮೌನವನ್ನು ಕೆಡಿಸುವದು.

ಮೂರನೆಯ ಮಾತು ಧೂಳು. ಬ್ಯಾಡಗಿಯ ಮೆಣಸಿನಕಾಯಿಯ ಸುಗ್ಗಿ, ನಮ್ಮ ಹತ್ತಿ ಗೋವಿನಜೋಳಗಳ ಸುಗ್ಗಿ, ಬೇಸಿಗೆಯ ಎರೆಮಣ್ಣಿನ ಗಾಳಿ ಇವುಗಳಲ್ಲಿ ಮನೆಯ ಕಪಾಟಿನೊಳಗೂ ಧೂಳು ಹೊಗುವದನ್ನು ಪ್ರತಿ ಗೃಹಿಣಿಯೂ ಬಲ್ಲಳು. ಗಾಳಿಗೆಂದು ಬಿಟ್ಟ ಕಿಂಡಿಯು ಧೂಳಿಗೂ ಇರುವೆಗೂ ಜಿರಲೆಗೂ ಬಾಗಿಲಾಗುವದು. ಆದಕಾರಣ ಕಿಂಡಿಗಳ ಒಳಗಡೆಯಲ್ಲಿ ಸೊಳ್ಳೆಪರದೆಯ ಚೂರೊಂದನ್ನು ಅಂಟಿಸಿ, ತಿಂಗಳಿಗೊಮ್ಮೆ ಒಣ ಕುಂಚದಿಂದ ಅದನ್ನು ಝಾಡಿಸುವದು ಒಳ್ಳೇದು.

ಇನ್ನು ಯಾವ ಪದಾರ್ಥದ ಪೆಟ್ಟಿಗೆಯನ್ನು ಕೊಳ್ಳಬೇಕು? ಪ್ಲಾಸ್ಟಿಕ್ಕು ಅಗ್ಗವು, ವೈಫೈ ಅಲೆಗಳನ್ನು ತಡೆಯದು, ಆದರೆ ಉಷ್ಣವನ್ನು ಹೊರಗೆ ಬಿಡದು. ಅಕ್ರಿಲಿಕ್ ಹಾಳೆಗಳ ಪೆಟ್ಟಿಗೆಯಲ್ಲಿ ಒಳಗಿನದೆಲ್ಲ ಕಾಣುವದಾದ್ದರಿಂದ ಶಾಲೆಗೆ ಅದು ಉತ್ತಮವು. ಆದರೂ ಸ್ಕ್ರೂವನ್ನು ಹೆಚ್ಚು ಬಿಗಿದರೆ ಮೂಲೆಯು ಸೀಳುವದು. ಅಲ್ಯೂಮಿನಿಯಮ್ಮಿನ ಪೆಟ್ಟಿಗೆಯು ಮಿದುಳಿನ ಚಿಪ್ಪಿಗೆ ತಗಲಿಕೊಂಡಿದ್ದು ತಾನೇ ಉಷ್ಣವನ್ನು ಹೀರುವದು. ನಮ್ಮ ಬೇಸಿಗೆಗೆ ಇದು ಹೇಳಿಮಾಡಿಸಿದಂತಿದೆ. ಆದರೆ ಲೋಹವು ಸುತ್ತಲೂ ಮುಚ್ಚಿದರೆ ವೈಫೈ ಅಲೆಗಳು ಕುಗ್ಗುವವು. ಅಂಥಲ್ಲಿ ಲ್ಯಾನ್ ತಂತಿಯನ್ನು ಜೋಡಿಸುವದೇ ಮೇಲು. ಮರದ ಪೆಟ್ಟಿಗೆಯನ್ನು ನಮ್ಮ ಬಡಿಗರೇ ಮಾಡಿಕೊಡಬಲ್ಲರು. ಸಾಗವಾನಿಯು ಅಂದವಾಗಿಯೂ ಬಾಳಿಕೆಯುಳ್ಳದ್ದಾಗಿಯೂ ಇರುವದು, ಅಲೆಗಳನ್ನು ಹೆಚ್ಚಾಗಿ ತಡೆಯದು. ಆದರೆ ಮರವು ಉಷ್ಣವನ್ನು ಒಳಗೇ ಹಿಡಿಯುವದರಿಂದ ಕಿಂಡಿಗಳು ದೊಡ್ಡವಿರಲಿ; ಮಳೆಗಾಲದಲ್ಲಿ ಉಬ್ಬುವದರಿಂದ ಹಲಗೆಯ ಸುತ್ತಲೂ ಒಂದೆರಡು ಮಿಲಿಮೀಟರು ಎಡೆಯಿರಲಿ.

ಕೂಡಿಸುವ ಕ್ರಮವು ಹೀಗಿದೆ. ಪೆಟ್ಟಿಗೆಗೆ ಹಾಕುವದಕ್ಕೆ ಮೊದಲೇ ಹಲಗೆಗಳನ್ನು ಒಣ ಮರದ ಮೇಜಿನ ಮೇಲಿಟ್ಟು, ಎಲ್ಲ ತಂತಿಗಳನ್ನು ಜೋಡಿಸಿ, ಒಂದು ಹಾಡನ್ನು ಪೂರ್ತಿ ಕೇಳಿರಿ. ದೋಷವಿದ್ದರೆ ಅದು ಇಲ್ಲಿಯೇ ಗೊತ್ತಾಗಲಿ. ಬಳಿಕ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ ವಿದ್ಯುತ್ತನ್ನು ತೆಗೆಯಿರಿ. ಮೈಕ್ರೋ ಎಸ್‌ಡಿ ಕಾರ್ಡನ್ನು ಹೊರಗೆ ತೆಗೆದಿಡಿರಿ. ಅದು ಹಲಗೆಯ ಅಂಚಿನಿಂದ ಚಾಚಿಕೊಂಡಿರುವದರಿಂದ ಪೆಟ್ಟಿಗೆಗೆ ಒತ್ತುವಾಗ ಮುರಿಯುವ ಭಯವುಂಟು. ನೆಲಕ್ಕೆ ಹೊಂದಿದ ಲೋಹವನ್ನೊಮ್ಮೆ ಮುಟ್ಟಿ, ಮೈಯಲ್ಲಿಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಹಲಗೆಯನ್ನು ಅಂಚಿನಲ್ಲಿ ಹಿಡಿಯಿರಿ. ಅಲ್ಯೂಮಿನಿಯಮ್ಮಿನ ಪೆಟ್ಟಿಗೆಯ ಸಂಗಡ ಬರುವ ಮೆತ್ತನೆಯ ಉಷ್ಣವಾಹಕ ತುಣುಕಿನ ಎರಡೂ ಬದಿಯ ತೆಳುಹಾಳೆಯನ್ನು ಸುಲಿದು ಹಾಕಿರಿ. ಡ್ಯಾಕಿನ ನಾಲ್ಕು ಮೂಲೆಗೆ ಪಿತ್ತಳೆಯ ಚಿಕ್ಕ ಕಂಬಗಳನ್ನು ಕೊಟ್ಟು, ೪೦ ಸೂಜಿಗಳೂ ಸರಿಯಾಗಿ ಎದುರುಬದುರಾದವೆಂದು ಪಕ್ಕದಿಂದ ನೋಡಿ, ಮೆಲ್ಲಗೆ ಒತ್ತಿರಿ. ಸ್ಕ್ರೂಗಳನ್ನು ಎದುರು ಮೂಲೆಗಳ ಕ್ರಮದಿಂದ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಮನೆಯ ೨೩೦ ವೋಲ್ಟಿನ ವಿದ್ಯುತ್ತನ್ನು ಎಂದಿಗೂ ಈ ಪೆಟ್ಟಿಗೆಯೊಳಗೆ ತರಬೇಡಿರಿ. ೫ ವೋಲ್ಟು ಕೊಡುವ ಅಡಾಪ್ಟರು ಹೊರಗೆಯೇ ಇರಲಿ.

ಕಡೆಗೆ, ಪೆಟ್ಟಿಗೆಯನ್ನು ಮುಚ್ಚುವದು ಹೇಗೋ ಹಾಗೆಯೇ ತೆರೆಯುವದನ್ನೂ ಯೋಚಿಸಬೇಕು. ಮೇಲಿಂದ ಮೇಲೆ ವಿದ್ಯುತ್ತು ಹೋಗಿಬರುವ ಊರಿನಲ್ಲಿ ಮೊದಲು ಕೆಡುವದು ಬಹುಶಃ ಆ ಚಿಕ್ಕ ಕಾರ್ಡೇ; ಅದನ್ನು ಬದಲಿಸಲು ಪೆಟ್ಟಿಗೆಯಲ್ಲಿ ಸೀಳುಕಿಂಡಿಯೊಂದಿರಲಿ. ಅಂಟು ಹಾಕಿ ಮುಚ್ಚಿದ ಪೆಟ್ಟಿಗೆಯು ಎಷ್ಟು ಅಂದವಾಗಿದ್ದರೂ, ಕೆಟ್ಟ ದಿವಸ ಯಜಮಾನಿಯನ್ನು ಹುಬ್ಬಳ್ಳಿಯ ಅಂಗಡಿಯ ಬಾಗಿಲಿಗೆ ಓಡಿಸುವದು. ನಾಲ್ಕು ಸ್ಕ್ರೂಗಳ ಸಾದಾ ಪೆಟ್ಟಿಗೆಯಾದರೋ ಅವಳ ಕೈಗೆ ತಾನಾಗಿ ತೆರೆದುಕೊಳ್ಳುವದು. ಯಂತ್ರವನ್ನು ಮುಟ್ಟಬೇಡವೆಂಬ ಮಾತನ್ನು ನಮ್ಮ ಹುಡುಗಿಯರು ಮನೆಯಲ್ಲಿ ಅಣ್ಣತಮ್ಮಂದಿರಿಗಿಂತ ಹೆಚ್ಚಾಗಿ ಕೇಳಿರುವರು. ಒಮ್ಮೆ ಅಳೆದು, ಆರಿಸಿ, ತನ್ನ ಕೈಯಿಂದಲೇ ಕೂಡಿಸಿ, ಪುನಃ ಬಿಚ್ಚಿ ನೋಡಿದವಳಿಗೆ ಆ ಮಾತಿನ ಭಯವು ಉಳಿಯಲಾರದು. ಬರುವ ರಜೆಯಲ್ಲಿ ಒಂದು ಅಳತೆಪಟ್ಟಿಯನ್ನೂ ಒಂದು ಸ್ಕ್ರೂಡ್ರೈವರನ್ನೂ ಹಿಡಿದು ಈ ಕೆಲಸಕ್ಕೆ ಕುಳಿತುಕೊಳ್ಳಿರಿ.